ಹೊಸ ಫಿಲ್ಟರ್ ಹಾಕಿದರೂ ಕಾರ್ಬೊರೇಟರ್ ಬಾಯಲ್ಲಿ ಕಟ್ಟಿಗೆ ಹಿಟ್ಟು ಏಕೆ?

ಪ್ರಶ್ನೆ: ನಮ್ಮದು ಬಾಗಲಕೋಟೆ ಜಿಲ್ಲೆ ಬೀಳಗಿ ತಾಲ್ಲೂಕು, ಹೊಲ ಕೃಷ್ಣಾ ಹಿನ್ನೀರಿನ ದಂಡೆಗಿದೆ. ಬದುವಿನ ಬಳ್ಳಾರಿ ಜಾಲಿ, ಒಣಗಿದ ಬೇವು ಕಡಿಯಲು 58 ಸಿಸಿ ಚೈನ್ ಸಾ ತೊಗೊಂಡು ಎಂಟು ತಿಂಗಳಾಯಿತು. ಯುಗಾದಿಯಿಂದೀಚೆ ಏರ್ ಫಿಲ್ಟರ್ ಬಿಚ್ಚಿದಾಗಲೆಲ್ಲ ಕಾರ್ಬೊರೇಟರ್ ಬಾಯಲ್ಲಿ, ಚೋಕ್ ತಗಡಿನ ಮೇಲೆ ಕಂದು ಹಿಟ್ಟು ಅಂಟಿರುತ್ತದೆ. ಎರಡು ಸಲ ಹೊಸ ಫಿಲ್ಟರ್ ಹಾಕಿದೆ, ಹಿಟ್ಟು ನಿಲ್ಲಲಿಲ್ಲ. ದಿನಾ ಸಂಜೆ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸುತ್ತೇನೆ, ವಾರಕ್ಕೊಮ್ಮೆ ಪೆಟ್ರೋಲಿನಲ್ಲಿ ತೊಳೆಯುತ್ತೇನೆ. ಮೆಕ್ಯಾನಿಕ್ "ಕಟಗಿ ಕಡಿಯೋ ಮಷಿನ್ ಅಂದಮ್ಯಾಲ ಹೊಟ್ಟು ಇರೂದ" ಅನ್ನುತ್ತಾರೆ. ಒಬ್ಬರು ಫಿಲ್ಟರಿಗೆ ಬನೀನ್ ಅರಿವೆ ಸುತ್ತು ಅಂದರು, ಇನ್ನೊಬ್ಬರು ಪೆಟ್ರೋಲಿಗೆ ಆಯಿಲ್ ಹೆಚ್ಚು ಹಾಕು ಅಂದರು. ಈಗ ಬಿಸಿಯಾದ ಮೇಲೆ ಒಮ್ಮೆ ನಿಂತರೆ ಬೇಗ ಸ್ಟಾರ್ಟ್ ಆಗುವುದಿಲ್ಲ. ಎಂಜಿನ್ ಹೋಯಿತೇ? ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಹಿಟ್ಟು ಯಾವ ದಾರಿಯಿಂದ ಒಳಗೆ ಹೋಗುತ್ತಿದೆ ಎಂಬುದು ಒಂದು, ಈಗಾಗಲೇ ಹೋದದ್ದು ಎಂಜಿನ್ನಿಗೆ ಎಷ್ಟು ಪೆಟ್ಟು ಕೊಟ್ಟಿದೆ ಎಂಬುದು ಇನ್ನೊಂದು. ಎರಡಕ್ಕೂ ಬಹುಪಾಲು ಮನೆಯಲ್ಲೇ ಉತ್ತರ ಸಿಗುತ್ತದೆ. ಚಿಟಿಕೆ ಗ್ರೀಸ್, ಒಂದು ಬ್ಯಾಟರಿ, ಬಿಳಿ ಅರಿವೆಯ ತುಂಡು, ಅರ್ಧ ದಿನದ ಬಿಡುವು ಇದ್ದರೆ ಸಾಕು. ಅಲ್ಲಿಯವರೆಗೆ ಮಷಿನ್ ಕೆಲಸಕ್ಕೆ ಹಚ್ಚಬೇಡಿ, ಮೂರನೇ ಫಿಲ್ಟರನ್ನೂ ಕೊಳ್ಳಬೇಡಿ. ಎರಡು ಹೊಸ ಫಿಲ್ಟರ್ ಬದಲಾದರೂ ಹಿಟ್ಟು ಬರುತ್ತಿದೆ ಅಂದರೆ, ಅದು ಜಾಲರಿಯನ್ನು ದಾಟಿ ಬರುವುದಕ್ಕಿಂತ ಫಿಲ್ಟರಿನ ಅಂಚಿನ ಸಂದಿಯಿಂದ ನುಸುಳಿ ಬರುವ ಸಾಧ್ಯತೆಯೇ ಹೆಚ್ಚು.

ನಿಮ್ಮ ಮೆಕ್ಯಾನಿಕ್ ಹೇಳಿದ್ದು ಅರ್ಧ ಸರಿ. ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದಾಗ ಫಿಲ್ಟರಿನ ಹೊರಗೆ, ಸುತ್ತಲಿನ ಗುಂಡಿಯಲ್ಲಿ ಹೊಟ್ಟು ತುಂಬಿರುವುದು ಸಹಜ. ಅದು ಫಿಲ್ಟರ್ ತಡೆದ ಹೊಟ್ಟು, ಅದಕ್ಕೆ ಚಿಂತೆ ಬೇಡ. ಫಿಲ್ಟರಿನ ಒಳಮೈ, ಕಾರ್ಬೊರೇಟರ್ ಬಾಯಿ, ಚೋಕ್ ತಗಡು, ಈ ಮೂರು ಜಾಗದಲ್ಲಿ ಮಾತ್ರ ಒಂದು ಚಿಟಿಕೆಯೂ ಇರಬಾರದು. ಇಲ್ಲಿ ಒಂದು ಗೊಂದಲ ಆಗುವುದುಂಟು. ಟೂ ಸ್ಟ್ರೋಕ್ ಎಂಜಿನ್ ತಿರುಗುವಾಗ ಪೆಟ್ರೋಲ್-ಆಯಿಲ್ ಮಂಜು ಸ್ವಲ್ಪ ಹಿಂದಕ್ಕೆ ಉಗುಳಿ ಫಿಲ್ಟರಿನ ಒಳಮೈಗೆ ಅಂಟುತ್ತದೆ. ಹಾಗಾಗಿ ಅಲ್ಲಿ ಎಣ್ಣೆ ಜಿಡ್ಡು, ಕಪ್ಪು ಛಾಯೆ ಕಂಡರೆ ಗಾಬರಿ ಬೇಡ. ಬಿಳಿ ಅರಿವೆಯಿಂದ ಒರೆಸಿ ಬೆರಳಲ್ಲಿ ತಿಕ್ಕಿ ನೋಡಿ. ಬರೀ ಜಿಡ್ಡಾದರೆ ನುಣ್ಣಗೆ ಜಾರುತ್ತದೆ. ಹಿಟ್ಟು, ಮಣ್ಣು ಸೇರಿದ್ದರೆ ಬೆರಳಿಗೆ ಕರಕರ ಎನ್ನುತ್ತದೆ. ನೀವು ಬರೆದಿರುವ ಕಂದು ಹಿಟ್ಟು ಜಿಡ್ಡಲ್ಲ.

"ಕಟ್ಟಿಗೆ ಹಿಟ್ಟು ತಾನೆ, ಒಳಗೆ ಸುಟ್ಟು ಹೋಗುತ್ತದೆ" ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಕಟ್ಟಿಗೆ ಸುಡಬಹುದು, ಮಣ್ಣು ಸುಡುವುದಿಲ್ಲ. ಹಿನ್ನೀರು ಏರಿ ಇಳಿದ ಜಾಗದ ಜಾಲಿಯಾದರೆ ನೀರು ನಿಂತ ಗುರುತಿನವರೆಗೂ ತೊಗಟೆಯ ಸೀಳುಗಳಲ್ಲಿ ಮೆಕ್ಕಲು ಮಣ್ಣು ಒಣಗಿ ಕೂತಿರುತ್ತದೆ. ಎರೆಹೊಲದ ಬದುವಿನ ಬೇವಿಗೂ ಬೇಸಿಗೆಯ ಧೂಳು ಮೆತ್ತಿರುತ್ತದೆ. ಚೈನ್ ಅದನ್ನೆಲ್ಲ ಕಟ್ಟಿಗೆ ಹಿಟ್ಟಿನ ಜೊತೆಗೇ ಎಬ್ಬಿಸುತ್ತದೆ. ಮಣ್ಣಿನಲ್ಲಿರುವ ಮರಳಿನ ಸಣ್ಣ ಕಣ ಅಲ್ಯುಮಿನಿಯಂ ಪಿಸ್ಟನ್‌ಗಿಂತ ಎಷ್ಟೋ ಗಡಸು.

ಬೈಕಿನ ಫೋರ್ ಸ್ಟ್ರೋಕ್ ಎಂಜಿನ್ನಿಗಿಂತ ಇಲ್ಲಿ ಹಾನಿ ಹೆಚ್ಚು. ಬೈಕಿನಲ್ಲಿ ಗಾಳಿ ನೇರ ಪಿಸ್ಟನ್ ತಲೆಯ ಮೇಲಕ್ಕೆ ಹೋಗುತ್ತದೆ. ಚೈನ್ ಸಾದಲ್ಲಿ ಅದು ಮೊದಲು ಕೆಳಗಿನ ಕ್ರ್ಯಾಂಕ್ ಗೂಡಿಗೆ ಇಳಿದು, ಕ್ರ್ಯಾಂಕ್ ಬೇರಿಂಗು, ಕನೆಕ್ಟಿಂಗ್ ರಾಡಿನ ಬೇರಿಂಗು ಸವರಿಕೊಂಡು ಆಮೇಲೆ ಮೇಲೇರುತ್ತದೆ. ಹೋದ ಮಣ್ಣು ದಾರಿಯುದ್ದಕ್ಕೂ ಸಾಣೆ ಹಿಡಿಯುತ್ತ ಹೋಗುತ್ತದೆ. 58 ಸಿಸಿ ಎಂಜಿನ್ ನಿಮಿಷಕ್ಕೆ 9,000 ಸುತ್ತು ತಿರುಗಿದರೆ ಲೆಕ್ಕಕ್ಕೆ 522 ಲೀಟರ್ ಗಾಳಿ ಎಳೆಯಬೇಕು. ನಿಜದಲ್ಲಿ ಸಿಲಿಂಡರ್ ಅಷ್ಟು ತುಂಬುವುದಿಲ್ಲ. ಅರ್ಧವೇ ಹಿಡಿದರೂ 200 ಲೀಟರಿನ ಡೀಸೆಲ್ ಬ್ಯಾರೆಲ್ಲಿಗಿಂತ ಹೆಚ್ಚು ಗಾಳಿ, ಅದೂ ಒಂದೇ ನಿಮಿಷಕ್ಕೆ. ಇಷ್ಟು ಸೆಳೆತ ಇರುವಾಗ ಕಾಗದದಷ್ಟು ಸಂದಿ ಇದ್ದರೂ ಹಿಟ್ಟು ಅಲ್ಲಿಂದಲೇ ನುಗ್ಗುತ್ತದೆ.

ದಾರಿ ಹುಡುಕುವುದು

ಸ್ವಿಚ್ ಆಫ್ ಮಾಡಿ, ಪ್ಲಗ್ ಕ್ಯಾಪ್ ತೆಗೆದು, ಮಷಿನ್ ತಣ್ಣಗಾದ ಮೇಲೆ ಶುರು ಮಾಡಿ. ಫಿಲ್ಟರ್ ತೆಗೆದು ಕಾರ್ಬೊರೇಟರ್ ಬಾಯಿ, ಫಿಲ್ಟರ್ ಕೂಡುವ ಅಂಚು, ಚೋಕ್ ತಗಡು ಎಲ್ಲವನ್ನೂ ಪೂರ್ತಿ ಒರೆಸಿ. ಈಗ ಕಿರುಬೆರಳಿನಿಂದ ಫಿಲ್ಟರ್ ಕೂಡುವ ಅಂಚಿನ ಸುತ್ತ ಗ್ರೀಸಿನ ತೆಳು ಪೊರೆ ಹಚ್ಚಿ, ನೋಡಿದರೆ ಮಿಂಚಬೇಕು ಅಷ್ಟೇ, ಗಡ್ಡೆ ಇರಬಾರದು. ಒಣ, ಚೊಕ್ಕ ಫಿಲ್ಟರನ್ನು ಕೂರಿಸಿ, ನಟ್ ಬಿಗಿದು, ಮತ್ತೆ ಬಿಚ್ಚಿ. ಫಿಲ್ಟರಿನ ಬುಡದಲ್ಲಿ ಗ್ರೀಸಿನ ಮುದ್ರೆ ಸುತ್ತಲೂ ಒಂದೇ ಸಮ ಮೂಡಿದ್ದರೆ ಅಂಚು ಸರಿಯಾಗಿ ಕೂಡುತ್ತಿದೆ. ಒಂದು ಕಡೆ ಮುದ್ರೆ ಹರಿದಿದ್ದರೆ ಗಾಳಿ ಅಲ್ಲಿಂದ ನುಸುಳುತ್ತಿದೆ.

ಮುದ್ರೆ ಸರಿ ಇದ್ದರೆ ಎರಡನೇ ಪರೀಕ್ಷೆ. ಅಂಚಿನ ಜೊತೆಗೆ ಫಿಲ್ಟರಿನ ಎರಡು ಹೋಳು ಕೂಡುವ ಗೆರೆಯ ಒಳಬದಿಗೆ, ಚೋಕ್ ಕಡ್ಡಿ ಬರುವ ತೂತಿನ ಸುತ್ತ, ಕಾರ್ಬೊರೇಟರ್ ಬಾಯಿಯ ಒಳಗೋಡೆಗೆ ಇದೇ ರೀತಿ ಗ್ರೀಸ್ ಸವರಿ, ಎಲ್ಲ ಜೋಡಿಸಿ, ಹತ್ತು-ಹದಿನೈದು ನಿಮಿಷ ಒಣ ಕಟ್ಟಿಗೆ ಕಡಿದು ಬಿಚ್ಚಿ ನೋಡಿ. ಹಿಟ್ಟು ಬಂದ ದಾರಿಯಲ್ಲಿ ಗ್ರೀಸಿನ ಮೇಲೆ ಬಾಲದಂತೆ ಗೆರೆ ಮೂಡಿರುತ್ತದೆ. ಬಾಲದ ದಪ್ಪ ತುದಿ ಇರುವ ಕಡೆ ಸಂದಿ ಇದೆ. ಊಹೆಯಲ್ಲಿ ಬಿಡಿಭಾಗ ಬದಲಿಸುವುದಕ್ಕಿಂತ ಈ ಹದಿನೈದು ನಿಮಿಷ ಸಾವಿರ ಪಾಲು ಮೇಲು.

ಸಾಮಾನ್ಯವಾಗಿ ಸಿಕ್ಕಿಬೀಳುವ ಜಾಗಗಳು ಇವು. 52, 58 ಸಿಸಿಯ ಬಹಳಷ್ಟು ಮಷಿನ್‌ಗಳಲ್ಲಿ ಫಿಲ್ಟರ್ ಎರಡು ಹೋಳಿನದು, ಒಂದಕ್ಕೊಂದು ಚಿಟಕ್ಕೆಂದು ಕೂಡುತ್ತದೆ. ಒಂದು ಕಚ್ಚು ಮುರಿದರೆ, ಇಲ್ಲವೇ ಕಚ್ಚಿನಲ್ಲಿ ಹೊಟ್ಟು ಕೂತರೆ ನಡುವಿನ ಗೆರೆ ಬಾಯಿ ಬಿಡುತ್ತದೆ. ಅಗ್ಗದ ಹೊಸ ಫಿಲ್ಟರ್‌ಗಳ ಅಂಚಿನಲ್ಲಿ ಅಚ್ಚಿನಿಂದ ಉಳಿದ ಪ್ಲಾಸ್ಟಿಕ್ ಎಳೆ ಚಾಚಿಕೊಂಡಿರುತ್ತದೆ, ಅದು ಫಿಲ್ಟರನ್ನು ಕೂದಲೆಳೆಯಷ್ಟು ಎತ್ತಿ ಹಿಡಿಯುತ್ತದೆ. ಹೊಸ ಬ್ಲೇಡಿನಿಂದ ಹೆರೆದು ತೆಗೆಯಿರಿ. ಹಳೆ ಫಿಲ್ಟರಿನ ಬುಡದಲ್ಲಿದ್ದ ರಬ್ಬರ್ ಅಥವಾ ಫೆಲ್ಟ್ ಉಂಗುರ ಬದಲಿಸುವಾಗ ಎಲ್ಲೋ ಬಿದ್ದು ಹೋಗಿರಲೂಬಹುದು. ನಿಮ್ಮ ಎರಡೂ ಹೊಸ ಫಿಲ್ಟರ್‌ಗಳಲ್ಲಿ ಅದು ಇತ್ತೇ ಎಂದು ಒಮ್ಮೆ ನೆನಪಿಸಿಕೊಳ್ಳಿ. ಕೆಲವು ಮಾದರಿಗಳಲ್ಲಿ ಉಂಗುರ ಬೇರೆಯಾಗಿ ಬರುತ್ತದೆ, ಹಳೆಯದರಿಂದ ಬಿಡಿಸಿ ಹೊಸದಕ್ಕೆ ಹಾಕಬೇಕು.

ಹೊಟ್ಟು ಬರುತ್ತಿದೆ ಎಂದು ನಟ್ಟನ್ನು ಇಕ್ಕಳದಿಂದ ಬಿಗಿಯುವವರಿದ್ದಾರೆ. ಬಿಗಿದಷ್ಟೂ ನಡುಭಾಗ ಕೆಳಗೆ ಕುಸಿದು ಅಂಚುಗಳು ಮೇಲೇಳುತ್ತವೆ, ಸಂದಿ ಇನ್ನೂ ದೊಡ್ಡದಾಗುತ್ತದೆ. ಕೈಬೆರಳಿನ ಬಿಗಿ ಸಾಕು. ಏಪ್ರಿಲ್-ಮೇ ಬಿಸಿಲಲ್ಲಿ ಫಿಲ್ಟರ್ ತೊಳೆದು ಟ್ರ್ಯಾಕ್ಟರ್ ಬಾನೆಟ್ ಮೇಲೆ ಒಣಗಲು ಇಟ್ಟರೆ ಪ್ಲಾಸ್ಟಿಕ್ ಡೊಂಕಾಗುತ್ತದೆ. ಗಾಜಿನ ಮೇಲೆ ಬುಡ ಊರಿ ಇಟ್ಟು ಕಾಗದದ ಪಟ್ಟಿ ತೂರಿಸಿ ನೋಡಿದರೆ ಡೊಂಕು ತಿಳಿಯುತ್ತದೆ.

ಅಂಚು ಕೊಂಚ ಸಡಿಲ ಇದ್ದರೆ ತೆಳು ಗ್ರೀಸ್ ಹಚ್ಚಿ ಕೂರಿಸುವುದು ತಾತ್ಕಾಲಿಕವಾಗಿ ಒಪ್ಪುವ ಉಪಾಯ. ಪ್ರತಿ ಸಲ ಒರೆಸಿ ಹೊಸದಾಗಿ ಹಚ್ಚಬೇಕು. ಸಿಲಿಕೋನ್ ಪೇಸ್ಟ್, ಬಾಗಿಲಿಗೆ ಅಂಟಿಸುವ ಫೋಮ್ ಪಟ್ಟಿ ಬೇಡವೇ ಬೇಡ. ಪೆಟ್ರೋಲಿನ ಆವಿಗೆ ಅವು ಉಬ್ಬಿ, ಕಳಚಿ, ಚೂರು ನೇರ ಕಾರ್ಬೊರೇಟರಿಗೆ ಬೀಳುತ್ತದೆ.

ಫಿಲ್ಟರಿನ ಕೆಳಗೂ ಎರಡು ಜಾಗ ಇವೆ. ಕಾರ್ಬೊರೇಟರನ್ನು ಹಿಡಿದಿರುವ ಎರಡು ನಟ್ ನಡುಕಕ್ಕೆ ಸಡಿಲಾಗುತ್ತವೆ, ಫಿಲ್ಟರ್ ಬುಡದ ತಟ್ಟೆಯಲ್ಲಿ ಬಿರುಕು ಬರುತ್ತದೆ. ಅದಕ್ಕಿಂತ ಕೆಟ್ಟದ್ದು ಕಾರ್ಬೊರೇಟರ್ ಮತ್ತು ಸಿಲಿಂಡರ್ ನಡುವಿನ ರಬ್ಬರ್ ಬೂಟು. ಅದು ಒಡೆದರೆ ಹಿಟ್ಟಿನ ಜೊತೆ ಪೆಟ್ರೋಲಿಲ್ಲದ ಬರೀ ಗಾಳಿಯೂ ಸೇರಿ ಎಂಜಿನ್ ಬಿಸಿಯಾಗಿ ಪಿಸ್ಟನ್ ಹಿಡಿಯುವ ಅಪಾಯ ಇದೆ. ರೇಸ್ ಬಿಟ್ಟ ಮೇಲೂ ಸುತ್ತು ತಟ್ಟನೆ ಇಳಿಯದಿರುವುದು, ಐಡಲಿಂಗಿನಲ್ಲಿ ಏರಿಳಿತ, ಇವು ಅದರ ಲಕ್ಷಣ. ಚೈನ್ ಬ್ರೇಕ್ ಹಾಕಿ, ನೆಲದ ಮೇಲೆ ಐಡಲ್ ಬಿಟ್ಟು, ಬೂಟಿನ ಸುತ್ತ ಸಾಬೂನು ನೀರನ್ನು ಸಣ್ಣಗೆ ಸಿಂಪಡಿಸಿ. ಸುತ್ತಿನ ದನಿ ಬದಲಾದರೆ ಬಿರುಕಿದೆ. ಇದಕ್ಕೆ ಪೆಟ್ರೋಲ್ ಸಿಂಪಡಿಸುವವರೂ ಇದ್ದಾರೆ. ಬಿಸಿ ಮಫ್ಲರ್ ಒಂದು ಗೇಣು ದೂರದಲ್ಲಿರುತ್ತದೆ, ಆ ಕೆಲಸ ಮಾಡಬೇಡಿ. ಬೂಟಿಗೆ ಅಂಟು ಹಾಕಿ ತೇಪೆ ಹಚ್ಚಿದರೆ ನಿಲ್ಲುವುದಿಲ್ಲ, ಹೊಸದೇ ಹಾಕಬೇಕು.

ತೊಳೆಯುವಾಗಲೇ ಒಳಗೆ ಬೀಳುವುದು

ನಿಮ್ಮ ಪತ್ರ ಓದಿದಾಗ ನನಗೆ ಹೆಚ್ಚು ಅನುಮಾನ ಬಂದದ್ದು ಇಲ್ಲಿ. ನೀವು ದಿನಾ ಫಿಲ್ಟರ್ ಬಿಚ್ಚುತ್ತೀರಿ. ಚೋಕ್ ತೆರೆದಿರುವಾಗ ಫಿಲ್ಟರ್ ಎತ್ತಿದರೆ ಅದರ ಅಂಚಿನಲ್ಲಿ ಗುಪ್ಪೆಯಾಗಿದ್ದ ಹೊಟ್ಟು ಜಾರಿ ಸೀದಾ ಬಾಯಿಗೆ ಬೀಳುತ್ತದೆ. ಕೆಲಸದಲ್ಲಿ ವಾರವಿಡೀ ಹೋಗುವುದಕ್ಕಿಂತ ಹೆಚ್ಚು ಹಿಟ್ಟು ಆ ಒಂದು ಕ್ಷಣದಲ್ಲಿ ಹೋಗಬಹುದು. ಮುಚ್ಚಳ ತೆಗೆಯುವ ಮೊದಲು ಹೊರಗೆಲ್ಲ ಬ್ರಷ್ ಮಾಡಿ. ಚೋಕ್ ಪೂರ್ತಿ ಎಳೆದು ಬಾಯಿ ಮುಚ್ಚಿ. ಮುಚ್ಚಳ ತೆಗೆದ ಮೇಲೆ ಫಿಲ್ಟರಿನ ಸುತ್ತಲಿನ ಗುಂಡಿಯನ್ನು ಪೇಂಟ್ ಬ್ರಷ್‌ನಿಂದ ಖಾಲಿ ಮಾಡಿ, ಆಮೇಲೆ ಮಷಿನ್ ಸ್ವಲ್ಪ ಓರೆ ಮಾಡಿ ಫಿಲ್ಟರ್ ಎತ್ತಿ. ಚೋಕ್ ತಗಡಿನಲ್ಲೂ ಸಣ್ಣ ಕಚ್ಚು ಇರುವುದರಿಂದ ಕೂಡಲೇ ಚೊಕ್ಕ ಅರಿವೆ ತುರುಕಿ. ಅರಿವೆಯ ತುದಿ ಹೊರಗೆ ಜೋತಾಡುತ್ತಿರಲಿ, ಮರೆತು ಮುಚ್ಚುವ ಪ್ರಮಾದ ಆಗುವುದಿಲ್ಲ.

ಗಾಳಿ ಹೊಡೆಸುವುದು ನಿಮ್ಮ ಎರಡನೇ ತಪ್ಪು. ಪಂಕ್ಚರ್ ಅಂಗಡಿಯ ಕಂಪ್ರೆಸರಿನಲ್ಲಿ 100 ಪಿಎಸ್‌ಐ ಮೇಲೆ ಒತ್ತಡ ಇರುತ್ತದೆ. ನೈಲಾನ್ ಜಾಲರಿಯ ಮೇಲೆ ಅಂಟಿಸಿರುವ ನವಿರು ರೋಮ ಅದಕ್ಕೆ ಕಿತ್ತು ಹೋಗುತ್ತದೆ, ಜಾಲರಿಯ ಎಳೆ ಅಗಲಾಗುತ್ತದೆ. ಹೊಡೆಸಲೇಬೇಕೆಂದರೆ 30 ಪಿಎಸ್‌ಐ ದಾಟಬಾರದು, ನಳಿಕೆ ಗೇಣು ದೂರ ಇರಬೇಕು, ಗಾಳಿ ಒಳಗಿನಿಂದ ಹೊರಗೆ ಹೋಗಬೇಕು. ಹೊರಗಿನಿಂದ ಹೊಡೆದರೆ ಹಿಟ್ಟನ್ನು ಜಾಲರಿಯೊಳಗೆ ನಾವೇ ತುಂಬಿದಂತೆ. ಪೆಟ್ರೋಲಿನ ತೊಳೆತವೂ ಬೇಡ, ಅದು ರೋಮ ಹಿಡಿದಿರುವ ಅಂಟನ್ನೂ ಫೋಮನ್ನೂ ಮೆತ್ತಗೆ ಮಾಡುತ್ತದೆ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸಾಬೂನು ಕರಗಿಸಿ ಹತ್ತು ನಿಮಿಷ ನೆನೆಸಿ, ಮೆತ್ತನೆ ಬ್ರಷ್ ಆಡಿಸಿ, ಒಳಗಿನಿಂದ ನೀರು ಬಿಟ್ಟು ತೊಳೆದು ನೆರಳಲ್ಲಿ ರಾತ್ರಿಯಿಡೀ ಆರಿಸಿ. ಹಸಿ ಫಿಲ್ಟರ್ ಹಾಕಬೇಡಿ. ಎರಡು ಫಿಲ್ಟರ್ ಇಟ್ಟುಕೊಂಡು ಸರದಿಯಲ್ಲಿ ಬಳಸಿದರೆ ಅವಸರ ಇರುವುದಿಲ್ಲ. ಕಾಗದದ ಫಿಲ್ಟರಾದರೆ ತೊಳೆಯುವಂತಿಲ್ಲ, ತಟ್ಟಿ ಉದುರಿಸುವುದು, ಕೊಳೆ ಹೋಗದಿದ್ದರೆ ಬದಲಿಸುವುದು.

ಒಣಗಿದ ಫಿಲ್ಟರನ್ನು ಕತ್ತಲೆಯಲ್ಲಿ ಹಿಡಿದು ಒಳಗೆ ಬ್ಯಾಟರಿ ಬೆಳಕು ಬಿಡಿ. ಬೆಳಕು ಒಂದೇ ಸಮ ಮಬ್ಬಾಗಿ ಸೋಸಿದರೆ ಸರಿ. ಸೂಜಿ ಚುಚ್ಚಿದಂತೆ ಹೊಳೆವ ಚುಕ್ಕಿ ಕಂಡರೆ ಆ ಫಿಲ್ಟರ್ ಎಸೆಯಿರಿ.

ಹಿಟ್ಟೋ, ರವೆಯೋ?

ಮಷಿನ್ ಕಡಿದ ಜಾಗದಲ್ಲಿ ಬಗ್ಗಿ ಒಂದು ಹಿಡಿ ಹೊಟ್ಟು ತೆಗೆದು ನೋಡಿ. ಚೂಪು ಚೈನ್ ಉದ್ದುದ್ದ ಚಕ್ಕೆ ಉಗುಳುತ್ತದೆ. ಒಣ ಜಾಲಿಯಂಥ ಗಟ್ಟಿ ಕಟ್ಟಿಗೆಯಲ್ಲೂ ಕನಿಷ್ಠ ದಪ್ಪ ರವೆಯಷ್ಟಾದರೂ ಬೀಳಬೇಕು. ಜೋಳದ ಹಿಟ್ಟಿನಂತೆ ನುಣ್ಣಗಿದ್ದರೆ ಚೈನ್ ಮೊಂಡಾಗಿದೆ. ಫಿಲ್ಟರ್ ಅಂದರೆ ಒಂದು ಸಾಣಿಗೆ. ರವೆ ತಡೆಯುವ ಸಾಣಿಗೆ ಹಿಟ್ಟನ್ನು ತಡೆಯುವುದಿಲ್ಲ. ಎಲ್ಲ ಸಂದಿ ಮುಚ್ಚಿದರೂ ಮೊಂಡು ಚೈನ್‌ನಿಂದ ಬಂದ ಹಿಟ್ಟಿನ ಒಂದು ಪಾಲು ಜಾಲರಿ ದಾಟುತ್ತಲೇ ಇರುತ್ತದೆ.

58 ಸಿಸಿ ಮಷಿನ್‌ಗಳಿಗೆ ಹೆಚ್ಚಾಗಿ 0.325 ಇಂಚು ಪಿಚ್‌ನ (ಪಿಚ್ ಅಂದರೆ ಕೊಂಡಿಯ ಅಳತೆ) ಚೈನ್ ಬರುತ್ತದೆ, ಅದಕ್ಕೆ 4.8 ಮಿಲಿಮೀಟರ್ ದುಂಡು ಅರ. ನಿಮ್ಮದು ಮೂರು ಬೈ ಎಂಟು ಇಂಚಿನ ಚೈನ್ ಆಗಿದ್ದರೆ 5.5 ಮಿಲಿಮೀಟರ್. ಅರವನ್ನು 30 ಡಿಗ್ರಿ ಓರೆಯಲ್ಲಿ ಹಿಡಿದು ಪ್ರತಿ ಹಲ್ಲಿಗೂ ಒಂದೇ ಲೆಕ್ಕದ ಎಳೆತ ಕೊಡಿ. ಒಣ ಜಾಲಿಯಲ್ಲಿ ಪ್ರತಿ ಟ್ಯಾಂಕ್ ಪೆಟ್ರೋಲಿಗೊಮ್ಮೆ ಎರಡು-ಮೂರು ಎಳೆತ ಕೊಡುವುದು ಒಳ್ಳೆಯದು. ಹಲ್ಲಿನ ಮುಂದಿರುವ ಗೂಟ ಹಲ್ಲಿಗಿಂತ ಸುಮಾರು 0.65 ಮಿಲಿಮೀಟರ್ ಕೆಳಗಿರಬೇಕು. ಹಲ್ಲು ಅರೆದು ಅರೆದು ಗಿಡ್ಡಾದರೂ ಗೂಟ ಹಾಗೇ ಉಳಿದರೆ ಹಲ್ಲು ಕಟ್ಟಿಗೆಗೆ ತಾಗುವುದೇ ಇಲ್ಲ, ತಿಕ್ಕಿ ಹಿಟ್ಟು ಮಾಡುತ್ತದೆ. ಗಟ್ಟಿ ಮರಕ್ಕೆಂದು ಗೂಟವನ್ನು ಅತಿ ಇಳಿಸಿದರೆ ಚೈನ್ ಕಚ್ಚಿ ಮಷಿನ್ ಮುಖದ ಕಡೆ ಹಾರುವ ಭಯ ಇದೆ, ಗೇಜ್ ಇಟ್ಟೇ ಅರೆಯಿರಿ. ಕಡಿಯುವ ಜಾಗದ ತೊಗಟೆಯ ಮಣ್ಣನ್ನು ಕೊಡಲಿಯಿಂದ ಕೆತ್ತಿ ತೆಗೆದರೆ ಚೈನಿನ ಚೂಪೂ ಉಳಿಯುತ್ತದೆ, ಮಣ್ಣೂ ಏಳುವುದಿಲ್ಲ.

ಇನ್ನು ಬನೀನ್ ಅರಿವೆ. ಸುತ್ತಿದರೆ ಫಿಲ್ಟರ್ ಸರಿಯಾಗಿ ಕೂಡುವುದಿಲ್ಲ, ಅರಿವೆ ಒಂದೇ ತಾಸಿನಲ್ಲಿ ಕಟ್ಟಿಕೊಳ್ಳುತ್ತದೆ, ಗಾಳಿ ಸಾಲದೆ ಪೆಟ್ರೋಲ್ ಹೆಚ್ಚಾಗಿ ಹೊಗೆ ಬರುತ್ತದೆ. ಸೆಳೆತ ಹೆಚ್ಚಾದಂತೆ ಅಂಚಿನ ಸಂದಿಯಿಂದ ಇನ್ನೂ ಜೋರಾಗಿ ಹಿಟ್ಟು ನುಗ್ಗುತ್ತದೆ. ನಿಮ್ಮ ಮಾದರಿಗೆ ಫೆಲ್ಟ್ ಅಥವಾ ರೋಮದ ಫಿಲ್ಟರ್ ಸಿಕ್ಕರೆ ಅದು ಬೇರೆ ಮಾತು, ಹಿಟ್ಟಿಗೆ ಅದು ಬರಿ ಜಾಲರಿಗಿಂತ ಮೇಲು. ಆದರೆ ಬೇಗ ಕಟ್ಟಿಕೊಳ್ಳುತ್ತದೆ, ಬೇಸಿಗೆಯಲ್ಲಿ ದಿನಕ್ಕೆರಡು ಸಲ ಬದಲಿಸಬೇಕಾದೀತು.

ಆಯಿಲ್ ಹೆಚ್ಚಿಸಿದರೆ ಹಿಟ್ಟಿನಿಂದ ರಕ್ಷಣೆ ಸಿಗುವುದಿಲ್ಲ. 25:1 ಎಂದರೆ ಲೀಟರಿಗೆ 40 ಮಿಲಿಲೀಟರ್, 50:1 ಎಂದರೆ 20. ಮಷಿನ್ ಪುಸ್ತಕದಲ್ಲಿ ಯಾವುದಿದೆಯೋ ಅದೇ. ಮೀರಿ ಹಾಕಿದರೆ ಮಫ್ಲರ್, ಪ್ಲಗ್ ಮಸಿ ಕಟ್ಟುತ್ತವೆ, ಒಳಗಿನ ಜಿಡ್ಡು ಹೆಚ್ಚಾಗಿ ಮಣ್ಣು ಅಲ್ಲೇ ಕೆಸರಾಗಿ ನಿಲ್ಲುತ್ತದೆ. ಮಿಶ್ರಣದಲ್ಲಿ ಪೆಟ್ರೋಲಿನ ಪಾಲೂ ಅಷ್ಟು ಕಡಿಮೆಯಾಗುತ್ತದೆ.

ಎಂಜಿನ್ ಉಳಿದಿದೆಯೇ?

ಬಿಸಿಯಲ್ಲಿ ಸ್ಟಾರ್ಟ್ ಆಗದಿರುವುದೊಂದರಿಂದಲೇ ಎಂಜಿನ್ ಹೋಯಿತು ಅನ್ನಲಾಗದು. 40 ಡಿಗ್ರಿ ಬಿಸಿಲಲ್ಲಿ ಕಾರ್ಬೊರೇಟರಿನಲ್ಲೇ ಪೆಟ್ರೋಲ್ ಆವಿಯಾಗುವುದು, ಕಟ್ಟಿಕೊಂಡ ಫಿಲ್ಟರಿನಿಂದ ಪೆಟ್ರೋಲ್ ಹೆಚ್ಚಾಗಿ ಪ್ಲಗ್ ತೋಯುವುದು, ಕಾಯಿಲ್ ಬಿಸಿಗೆ ಕೈಕೊಡುವುದು, ಎಲ್ಲವೂ ಇದೇ ರೀತಿ ಕಾಣುತ್ತವೆ. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಗಾಳಿಯನ್ನು ಅದುಮುವ ಒತ್ತಡ, ಅಳೆಯಿಸಿ. ಪ್ಲಗ್ ಜಾಗಕ್ಕೆ ಗೇಜ್ ಹಾಕಿ, ಸ್ವಿಚ್ ಆಫ್ ಇಟ್ಟು, ರೇಸ್ ಪೂರ್ತಿ ಒತ್ತಿ, ಹಗ್ಗವನ್ನು ಏಳೆಂಟು ಸಲ ಎಳೆಯಬೇಕು. 150 ಪಿಎಸ್‌ಐ ಆಸುಪಾಸು ಬಂದರೆ ಎಂಜಿನ್ ಗಟ್ಟಿಯಿದೆ. 120ಕ್ಕಿಂತ ಕೆಳಗಿಳಿದಿದ್ದರೆ ರಿಂಗು, ಪಿಸ್ಟನ್ ಸವೆದಿರುವ ಸಂಭವ ಹೆಚ್ಚು. ಗೇಜ್ ಸಿಗದಿದ್ದರೆ ಒಂದು ಒರಟು ಪರೀಕ್ಷೆ: ಪ್ಲಗ್ ಹಾಕಿ, ಸ್ವಿಚ್ ಆಫ್ ಮಾಡಿ, ಚೈನ್ ಬ್ರೇಕ್ ಹಾಕಿ, ನೆಲದಿಂದ ಮೊಣಕಾಲೆತ್ತರಕ್ಕೆ ಸ್ಟಾರ್ಟರ್ ಹಿಡಿಕೆಯಿಂದಲೇ ಮಷಿನ್ ತೂಗುಬಿಡಿ, ಇನ್ನೊಂದು ಕೈ ಕೆಳಗೆ ಆಸರೆಗಿರಲಿ. ತಡೆತಡೆದು ಇಳಿದರೆ ಕಂಪ್ರೆಷನ್ ಇದೆ, ಸರ್ರನೆ ಜಾರಿದರೆ ಇಲ್ಲ.

ಆಮೇಲೆ ಕಾರ್ಬೊರೇಟರ್, ಬೂಟು ತೆಗೆಸಿ ಸಿಲಿಂಡರಿನ ಗಾಳಿ ತೂತಿನಿಂದ ಪಿಸ್ಟನ್ ನೋಡಿ. ಈ ಬದಿಯಲ್ಲಿ ಹೊಳಪು ಮಾಸಿ, ಬೂದಿ ಬಣ್ಣದ ಸಣ್ಣ ಉದ್ದ ಗೀರುಗಳಿದ್ದರೆ ಅದು ಧೂಳಿನ ಗುರುತು. ಮಫ್ಲರ್ ಬದಿಯಲ್ಲಿ ಮಾತ್ರ ಲೋಹ ಮೆತ್ತಿದಂತೆ ಆಳ ಗೀರಿದ್ದರೆ ಅದು ಆಯಿಲ್ ಕಡಿಮೆಯಾಗಿ, ಇಲ್ಲವೇ ಗಾಳಿ ಹೆಚ್ಚಾಗಿ ಬಿಸಿಯಿಂದ ಆದದ್ದು, ಅದಕ್ಕೆ ಕಾರಣ ಬೇರೆ ಹುಡುಕಬೇಕು.

ಗೀರು ಬೆರಳ ಉಗುರಿಗೆ ಸಿಗದಷ್ಟು ಸಣ್ಣದಿದ್ದು ಕಂಪ್ರೆಷನ್ ಚೆನ್ನಾಗಿದ್ದರೆ ಸಂದಿ ಮುಚ್ಚಿ ಹಾಗೇ ಓಡಿಸಿ. ಉಗುರು ಸಿಕ್ಕಿಕೊಳ್ಳುವಂತಿದ್ದರೆ ಪಿಸ್ಟನ್-ರಿಂಗು ಬದಲಿಸಬೇಕು. ಬೈಕಿನ ಬೀಡು ಸಿಲಿಂಡರಿನಂತೆ ಇದನ್ನು ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಲಾಗದು. ಅಲ್ಯುಮಿನಿಯಂ ಮೇಲೆ ಕ್ರೋಮ್ ಅಥವಾ ನಿಕಲ್‌ನ ತೆಳು ಲೇಪ ಇರುತ್ತದೆ, ಅದು ಹೋದರೆ ಸಿಲಿಂಡರ್ ಸಮೇತ ಕಿಟ್ ಬೇಕು. ಕಿಟ್‌ಗೆ ದುಡ್ಡು ಹಾಕುವ ಮುನ್ನ ಫ್ಲೈವೀಲ್ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ, ನಿಧಾನ ತಿರುಗಿಸಿ. ಆಟವಿದ್ದರೆ, ಗುರುಗುರು ಸದ್ದು ಬಂದರೆ ಬೇರಿಂಗೂ ಹೋಗಿದೆ. ಆಗ ರಿಪೇರಿ ಖರ್ಚು ಮಷಿನ್ ಬೆಲೆಯ ಹತ್ತಿರ ಹೋಗುವುದರಿಂದ ಬರೀ ಕಿಟ್ ಹಾಕಿ ಓಡಿಸುವುದು ನಷ್ಟ. ಬಿಲ್ಲಿನಲ್ಲಿ ವಾರಂಟಿ ಉಳಿದಿದ್ದರೆ ಇದ್ಯಾವುದನ್ನೂ ಬಿಚ್ಚುವ ಮೊದಲೇ ಮಾರಿದ ಅಂಗಡಿಗೆ ತೋರಿಸಿ, ಗ್ರೀಸ್ ಪರೀಕ್ಷೆಯ ಫೋಟೊ ಜೊತೆಗಿರಲಿ.

ಪಿಸ್ಟನ್ ಬದಲಿಸುವುದಾದರೆ ಮೆಕ್ಯಾನಿಕ್‌ಗೆ ಒಂದು ಮಾತು ಹೇಳಿ ಮಾಡಿಸಿ. ಸಿಲಿಂಡರ್ ಎತ್ತಿದಾಗ ಕ್ರ್ಯಾಂಕ್ ಗೂಡಿಗೆ ಆಯಿಲ್ ಬೆರೆಸಿದ ಪೆಟ್ರೋಲ್ ಹಾಕಿ, ತಿರುಗಿಸಿ, ಮಗುಚಿ ಚೆಲ್ಲಬೇಕು. ಬಿಳಿ ಬಟ್ಟಲಲ್ಲಿ ಹಿಡಿದರೆ ತಳದಲ್ಲಿ ಮಣ್ಣು ಕೂರುವುದು ಕಾಣುತ್ತದೆ, ಕಾಣದಾಗುವವರೆಗೆ ಮಾಡಬೇಕು. ಉಳಿದ ಕಣ ಹೊಸ ಪಿಸ್ಟನ್ನನ್ನೂ ತಿನ್ನುತ್ತದೆ. ಫಿಲ್ಟರ್ ಕೊಳ್ಳಲು ಹೋಗುವಾಗ ಹಳೆ ಫಿಲ್ಟರ್, ಬುಡದ ತಟ್ಟೆ ಎರಡನ್ನೂ ಒಯ್ದು ಅಂಗಡಿಯಲ್ಲೇ ಕೂರಿಸಿ ನೋಡಿ ತನ್ನಿ. ಜೋಡಿಸಿದ ಮೇಲೆ ಮೊದಲ ಟ್ಯಾಂಕ್ ಮುಗಿದಾಗ ಒಮ್ಮೆ, ಐದನೇ ಟ್ಯಾಂಕ್ ಮುಗಿದಾಗ ಇನ್ನೊಮ್ಮೆ ಬಿಳಿ ಅರಿವೆಯಿಂದ ಕಾರ್ಬೊರೇಟರ್ ಬಾಯಿ ಒರೆಸಿ ನೋಡಿ.